ಚುಕ್ಕಿ ಹೋಗಿ ಬ್ರಾಕೆಟ್ ಬಂತು: ಜಲಾಶಯ ಪಟ್ಟಿಯ ಹುಡುಕಾಟ ಕೆಟ್ಟ ಪ್ರಕರಣ

ಜುಲೈ ತಿಂಗಳ ಒಂದು ಬೆಳಿಗ್ಗೆ, ಏಳೂವರೆಗೇ ಭಾವನ ಫೋನು.

“ಏನ್ಲಾ ಮಾಡಿದ್ದೀಯ? ನದಿ ಅಂತ ಒತ್ತಿ ಕಾವೇರಿ ಅಂತ ಹೊಡುದ್ರೆ ಒಂದೂ ಬತ್ತಾ ಇಲ್ಲ ಕಣ್ಲಾ. ನಿನ್ನೆ ಗಂಟ ಸರೀಗಿತ್ತು.”

ಭಾವ ಮಂಡ್ಯ ಕಡೆಯವರು. ಗದ್ದೆಗೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು. ಮಳೆಗಾಲ ಬಂತೆಂದರೆ ಆ ಕಡೆ ಕಾಫಿಗೂ ಮೊದಲು ಕೇಳುವ ಸುದ್ದಿ, ಕಟ್ಟೆಗೆ ಎಷ್ಟು ಬಂತು, ಎಷ್ಟು ಬಿಟ್ಟರು ಅನ್ನೋದು. ಅವರ ಊರಿನ ರೈತರ ವಾಟ್ಸಾಪ್ ಗುಂಪಿಗೆಂದು ನಾನೊಂದು ಪುಟ್ಟ ಪುಟ ಮಾಡಿಕೊಟ್ಟಿದ್ದೆ. ರಾಜ್ಯದ 14 ಪ್ರಮುಖ ಜಲಾಶಯಗಳು, ಅವುಗಳ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು. ಅಂಕಿಗಳನ್ನು ಭಾವನ ಮಗಳು ಬೆಳಿಗ್ಗೆ ಶೀಟಿನಲ್ಲಿ ತುಂಬುತ್ತಾಳೆ, ಪುಟ ಅದನ್ನು ಓದಿ ತೋರಿಸುತ್ತದೆ. ಮೇಲೊಂದು ಹುಡುಕುವ ಪೆಟ್ಟಿಗೆ.

ಪುಟ ಬರೆದದ್ದು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ. ಪಟ್ಟಿಯ ಒಂದು ಆಬ್ಜೆಕ್ಟ್, ಅಂದರೆ ಒಂದು ಜಲಾಶಯದ ವಿವರಗಳ ಕಂತೆ, ಹೀಗಿತ್ತು:

{ ಹೆಸರು: 'ಕೃಷ್ಣರಾಜ ಸಾಗರ', ನದಿ: 'ಕಾವೇರಿ', ಜಿಲ್ಲೆ: 'ಮಂಡ್ಯ', ಮಟ್ಟ: 124.80, ಸಾಮರ್ಥ್ಯ: 49.45 }

ಪ್ರಾಪರ್ಟಿಗಳ, ಅಂದರೆ ಕಂತೆಯೊಳಗಿನ ಒಂದೊಂದು ವಿವರದ, ಹೆಸರು ಕನ್ನಡದಲ್ಲಿರುವುದು ಈ ಬರಹಕ್ಕಾಗಿ ಮಾಡಿದ್ದಲ್ಲ, ಪುಟದಲ್ಲೂ ಹಾಗೇ ಇದೆ. ಕನ್ನಡ ಅಕ್ಷರದ ಹೆಸರುಗಳನ್ನು ಜಾವಾಸ್ಕ್ರಿಪ್ಟ್ ತಕರಾರಿಲ್ಲದೆ ಒಪ್ಪುತ್ತದೆ. ಫಿಲ್ಟರ್, ರಿಟರ್ನ್ ಮೊದಲಾದ ಭಾಷೆಯ ಸ್ವಂತ ಮಾತುಗಳನ್ನು ಮಾತ್ರ ಎಡಿಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಇಲ್ಲಿ ಓದುವ ಅನುಕೂಲಕ್ಕೆ ಅವನ್ನೂ ನಮ್ಮ ಲಿಪಿಗೆ ತಂದಿದ್ದೇನೆ.

ಮೊದಲು ಹುಡುಕಾಟ ನದಿಯ ಹೆಸರಿಗೆ ಮಾತ್ರ ಇತ್ತು (ಫಿಲ್ಟರ್ ಹೊಂದುವುದನ್ನಷ್ಟೇ ಆರಿಸುತ್ತದೆ, === ಎರಡೂ ಸಮವೇ ಎಂದು ನೋಡುತ್ತದೆ):

ಜಲಾಶಯಗಳು.ಫಿಲ್ಟರ್(ಜ => ಜ.ನದಿ === ಪದ)

ಜಿಲ್ಲೆಯಿಂದಲೂ ಹುಡುಕುವ ಹಾಗೆ ಮಾಡು ಅಂದರು ಭಾವ. ಆಮೇಲೆ ಜಲಾಶಯದ ಹೆಸರಿನಿಂದಲೂ ಅಂದರು. ಮೂರು ಫಂಕ್ಷನ್ ಯಾಕೆ, ಒಂದೇ ಸಾಕು, ಯಾವ ಕಾಲಂ ಅನ್ನೋದನ್ನು ಡ್ರಾಪ್‌ಡೌನ್ ಹೇಳಲಿ ಅಂದುಕೊಂಡು ಹಿಂದಿನ ರಾತ್ರಿ ಹೀಗೆ ಬದಲಿಸಿ ಮಲಗಿದ್ದೆ:

ಫಂಕ್ಷನ್ ಹುಡುಕು(ಕಾಲಂ, ಪದ) {
  ಇಫ್ (ಪದ === '') ರಿಟರ್ನ್ ಜಲಾಶಯಗಳು;
  ರಿಟರ್ನ್ ಜಲಾಶಯಗಳು.ಫಿಲ್ಟರ್(ಜ => ಜ.ಕಾಲಂ === ಪದ);
}

ತಪ್ಪು ಮೂರನೇ ಸಾಲಿನಲ್ಲಿದೆ. ಗೊತ್ತಿದ್ದವರಿಗೆ ಕಣ್ಣಿಗೆ ಹೊಡೆಯುತ್ತದೆ, ಬರೆದವನಿಗೆ ಕಾಣುವುದಿಲ್ಲ. ಚುಕ್ಕಿಯ ಮುಂದೆ ಬರೆದ ಹೆಸರನ್ನು ಜಾವಾಸ್ಕ್ರಿಪ್ಟ್ ಇದ್ದ ಹಾಗೇ ತೆಗೆದುಕೊಳ್ಳುತ್ತದೆ. ಆ ಹೆಸರಿನ ವೇರಿಯಬಲ್ ಪಕ್ಕದಲ್ಲೇ ಇದ್ದರೂ ಅದರೊಳಗೇನಿದೆ ಎಂದು ಇಣುಕುವುದಿಲ್ಲ. ಹಾಗಾಗಿ ಅದು ಹುಡುಕಿದ್ದು ‘ನದಿ’ ಎಂಬ ಪ್ರಾಪರ್ಟಿಯನ್ನಲ್ಲ, ‘ಕಾಲಂ’ ಎಂಬ ಹೆಸರಿನದ್ದನ್ನು. ಅಂಥದ್ದು ಯಾವ ಜಲಾಶಯಕ್ಕೂ ಇಲ್ಲ. ಬೇಕಾಗಿದ್ದದ್ದು ಚೌಕ ಬ್ರಾಕೆಟ್:

ಜಲಾಶಯಗಳು.ಫಿಲ್ಟರ್(ಜ => ಜ[ಕಾಲಂ] === ಪದ)

ಬ್ರಾಕೆಟಿನೊಳಗೆ ಏನೇ ಬರೆದರೂ ಮೊದಲು ಅದರ ಬೆಲೆ ಕಟ್ಟಿ, ಬಂದದ್ದನ್ನು ಹೆಸರಾಗಿ ಬಳಸುತ್ತದೆ. ಕಾಲಂ ಒಳಗೆ 'ನದಿ' ಇದ್ದರೆ ಜ['ನದಿ'], ಅಂದರೆ ಜ.ನದಿ. ಎರಡೂ ಒಂದೇ ಕೆಲಸದ ಎರಡು ಬರವಣಿಗೆ. ಚುಕ್ಕಿಯಲ್ಲಿ ಹೆಸರು ಯಾವುದೆಂದು ಬರೆಯುವ ಹೊತ್ತಿಗೇ ಗೊತ್ತಾಗಿಬಿಡುತ್ತದೆ, ಬ್ರಾಕೆಟಿನಲ್ಲಿ ಓಡುವ ಹೊತ್ತಿಗೆ ಗೊತ್ತಾಗುತ್ತದೆ.

ನನ್ನನ್ನು ಕಾಡಿದ್ದು ಈ ತಪ್ಪಲ್ಲ, ಅದರ ಮೌನ. ಇಲ್ಲದ ಪ್ರಾಪರ್ಟಿ ಕೇಳಿದರೆ ಜಾವಾಸ್ಕ್ರಿಪ್ಟ್ ದೋಷ ಎನ್ನುವುದಿಲ್ಲ, ‘ಅನ್‌ಡಿಫೈನ್ಡ್’ ಕೊಟ್ಟು ಸುಮ್ಮನಾಗುತ್ತದೆ. ಅದು 'ಕಾವೇರಿ'ಗೆ ಸಮವೇ ಎಂದರೆ ಅಲ್ಲ. ಹದಿನಾಲ್ಕು ಸಲವೂ ಅಲ್ಲ. ಫಿಲ್ಟರ್ ಖಾಲಿ ಅರೇ (ಪಟ್ಟಿ) ಕೊಟ್ಟಿತು, ಪುಟ ‘ಯಾವುದೂ ಸಿಗಲಿಲ್ಲ’ ಎಂದಿತು. ದೋಷಗಳನ್ನು ತೋರಿಸುವ ಬ್ರೌಸರಿನ ಕನ್ಸೋಲಿನಲ್ಲಿ ಒಂದು ಕೆಂಪು ಸಾಲೂ ಇಲ್ಲ. ಅದೇ ನಾನು === ಬದಲು ಜ.ಕಾಲಂ.ಇನ್‌ಕ್ಲೂಡ್ಸ್(ಪದ) ಎಂದು ಬರೆದಿದ್ದರೆ, ಅನ್‌ಡಿಫೈನ್ಡ್ ಮೇಲೆ ಚುಕ್ಕಿ ಇಟ್ಟಿದ್ದಕ್ಕೆ ಮೊದಲ ಜಲಾಶಯದಲ್ಲೇ ಟೈಪ್ ಎರರ್ ಎಂದು ಕಿರುಚುತ್ತಿತ್ತು, ರಾತ್ರಿಯೇ ಸಿಕ್ಕಿಬೀಳುತ್ತಿತ್ತು. ಪರೀಕ್ಷೆ ಮಾಡಲಿಲ್ಲವೇ ಎಂದು ಕೇಳಿದರೆ, ಮಾಡಿದ್ದೆ. ಪುಟ ತೆರೆದೆ, 14 ಸಾಲೂ ಬಂದವು, ಸರಿ ಎಂದೆ. ಪೆಟ್ಟಿಗೆ ಖಾಲಿ ಇದ್ದರೆ ಪೂರ್ತಿ ಪಟ್ಟಿ ತೋರಿಸುವ ಸಾಲು ಮೇಲೇ ಇದೆಯಲ್ಲ, ಫಿಲ್ಟರ್ ಓಡಿಯೇ ಇರಲಿಲ್ಲ.

ಇಂಥ ತಪ್ಪನ್ನು ಮೊದಲೇ ತಪಾಸಣೆ ಮಾಡುವ ಟೈಪ್‌ಸ್ಕ್ರಿಪ್ಟ್ ಬಳಸಿದ್ದರೆ ‘ಕಾಲಂ ಎಂಬ ಪ್ರಾಪರ್ಟಿ ಇಲ್ಲ’ ಎಂದು ಬರೆಯುವಾಗಲೇ ಗೆರೆ ಎಳೆಯುತ್ತಿತ್ತು. ಹದಿನಾಲ್ಕು ಸಾಲಿನ ಪುಟಕ್ಕೆ ಅದ್ಯಾಕೆ ಎಂಬ ಉದಾಸೀನ ನನ್ನದು.

ಬ್ರಾಕೆಟ್ ಹಾಕಿದೆ. ಆಗಲೂ ಬರಲಿಲ್ಲ! ಈ ಸಲ ಕಾರಣ ಇನ್ನೂ ಪೆದ್ದದು. ಡ್ರಾಪ್‌ಡೌನಿನ ವ್ಯಾಲ್ಯೂ ಕಳಿಸುವ ಬದಲು ಡ್ರಾಪ್‌ಡೌನನ್ನೇ ಫಂಕ್ಷನ್ನಿಗೆ ಕೊಟ್ಟಿದ್ದೆ. ಪ್ರಾಪರ್ಟಿಯ ಹೆಸರು ಒಂದೋ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿರಬೇಕು, ಇಲ್ಲವೇ ಸಿಂಬಲ್ ಎಂಬ ಬೇರೆಯೇ ಬಗೆ. ಬ್ರಾಕೆಟಿಗೆ ಬೇರೇನು ಕೊಟ್ಟರೂ ಅದನ್ನು ಸ್ಟ್ರಿಂಗ್ ಮಾಡಿಕೊಳ್ಳುತ್ತದೆ. ಅರೇಯಲ್ಲಿ ಪಟ್ಟಿ[0] ಎಂದಾಗಲೂ ಒಳಗೆ ನಡೆಯುವುದು '0' ಎಂಬ ಹೆಸರಿನ ಹುಡುಕಾಟವೇ. ಇಡೀ ಡ್ರಾಪ್‌ಡೌನ್ ಕೊಟ್ಟರೆ ಅದು ‘ಆಬ್ಜೆಕ್ಟ್ ಇಂಥದ್ದು’ ಎಂಬ ಉದ್ದ ಸ್ಟ್ರಿಂಗ್ ಆಗುತ್ತದೆ, ಆ ಹೆಸರಿನ ಪ್ರಾಪರ್ಟಿ ಇಲ್ಲ, ಮತ್ತೆ ಅನ್‌ಡಿಫೈನ್ಡ್, ಮತ್ತೆ ಮೌನ. ವ್ಯಾಲ್ಯೂ ಸೇರಿಸಿ ಭಾವನಿಗೆ ಫೋನ್ ಮಾಡಿದೆ. “ಈಗ ನೋಡಿ ಭಾವ.”

“ಕಾವೇರಿ ಬಂತು. ಹೇಮಾವತಿ ಹೊಡುದ್ರೆ ಬತ್ತಿಲ್ಲ.”

ಒಂದೇ ರೂಪ, ಎರಡು ಬರವಣಿಗೆ

ಇಲ್ಲಿ ನಿಜಕ್ಕೂ ತಲೆ ಕೆಡಿಸಿಕೊಂಡೆ. ಪರದೆಯ ಮೇಲೆ ‘ಹೇಮಾವತಿ’, ಪೆಟ್ಟಿಗೆಯಲ್ಲಿ ‘ಹೇಮಾವತಿ’. ಒಂದರ ಮೇಲೊಂದು ಇಟ್ಟರೂ ವ್ಯತ್ಯಾಸ ಕಾಣದು. ಕನ್ಸೋಲಿನಲ್ಲಿ ಎರಡರ ಉದ್ದ ಕೇಳಿದಾಗ ಗುಟ್ಟು ಬಿಟ್ಟಿತು: ಒಂದು 7, ಇನ್ನೊಂದು 8.

ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದು ಸಂಕೇತ ಗೊತ್ತುಮಾಡಿರುವ ಯೂನಿಕೋಡಿನಲ್ಲಿ ‘ಹೇ’ ಬರೆಯಲು ಎರಡು ದಾರಿ ಇವೆ. ಹ ಅಕ್ಷರಕ್ಕೆ ಏತ್ವದ ಒಂದೇ ಸಂಕೇತ ಸೇರಿಸಬಹುದು. ಅಥವಾ ಎತ್ವ ಸೇರಿಸಿ, ಅದರ ಪಕ್ಕ ದೀರ್ಘದ ಚಿಹ್ನೆಯನ್ನು ಬೇರೆ ಸಂಕೇತವಾಗಿ ಇಡಬಹುದು. ಕೀ, ಕೇ, ಕೈ, ಕೊ, ಕೋ ಇವೆಲ್ಲಕ್ಕೂ ಈ ಇಬ್ಬಗೆ ಇದೆ. ‘ಕೋ’ವನ್ನಂತೂ ಮೂರು ಚಿಹ್ನೆಗಳಾಗಿ ಒಡೆಯಬಹುದು. ಇವು ಸಮಾನ ಎಂದು ಯೂನಿಕೋಡ್ ಹೇಳುತ್ತದೆ, ಆದರೆ === ಹೇಳುವುದಿಲ್ಲ. ಅದು ಸಂಕೇತಕ್ಕೆ ಸಂಕೇತ ಹೋಲಿಸಿ ನೋಡುತ್ತದೆ, ಅಷ್ಟೆ.

ಒಡೆದ ರೂಪ ಶೀಟಿಗೆ ಬಂದದ್ದು ಹೇಗೆ? ಜಲಾಶಯಗಳ ಹೆಸರಿದ್ದ ಕೆಲವು ಸಾಲುಗಳನ್ನು ಭಾವನ ಮಗಳು ಹಳೆಯ ಡಿಟಿಪಿ ಕಡತವೊಂದರಿಂದ ತಂದು ಅಂಟಿಸಿದ್ದಳು. ಯೂನಿಕೋಡ್ ಬರುವ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಅಕ್ಷರದ ತುಂಡುಗಳನ್ನು ಬೇರೆಬೇರೆ ಅಚ್ಚಿನ ಮೊಳೆಗಳಂತೆ ಇಟ್ಟಿರುತ್ತಾರೆ, ದೀರ್ಘದ ಚಿಹ್ನೆಗೆ ಅದರದ್ದೇ ಮೊಳೆ. ಅದನ್ನು ಯೂನಿಕೋಡಿಗೆ ತಿರುಗಿಸುವ ಎಲ್ಲ ಉಪಕರಣಗಳೂ ತುಂಡುಗಳನ್ನು ಕೂಡಿಸಿ ಕೊಡುವುದಿಲ್ಲ, ಕೆಲವು ಹಾಗೇ ಬಿಟ್ಟುಬಿಡುತ್ತವೆ. ಕನ್ನಡದ ದತ್ತಾಂಶ ಮುಟ್ಟಿದವರಿಗೆ ಇದು ಹಳೆಯ ಹುಣ್ಣು.

ಮದ್ದು ಜಾವಾಸ್ಕ್ರಿಪ್ಟಿನಲ್ಲೇ ಇದೆ. 2015ರ ಆವೃತ್ತಿಯಿಂದ ಸ್ಟ್ರಿಂಗುಗಳಿಗೆ ‘ನಾರ್ಮಲೈಸ್’ ಎಂಬ ಮೆಥಡ್ ಬಂದಿದೆ, ಅದು ಒಡೆದದ್ದನ್ನು ಕೂಡಿಸಿ ಒಂದೇ ರೂಪಕ್ಕೆ ತರುತ್ತದೆ. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಕೀಲಿಮಣೆಯಲ್ಲಿ ನಾವು ಒತ್ತು ಕೂಡದಿರಲೆಂದು ಹಾಕುವ ಕಾಣದ ಸಂಕೇತವೊಂದಿದೆ, ‘ಕೆಆರ್‌ಎಸ್’ ಎಂದು ಬರೆಯುವಾಗ ರ್ ಮತ್ತು ಎ ನಡುವೆ ಬಂದು ಕೂರುವಂಥದ್ದು. ಕೆಲವರು ಹಾಕುತ್ತಾರೆ, ಕೆಲವರು ಇಲ್ಲ. ನಾರ್ಮಲೈಸ್ ಅದನ್ನು ಮುಟ್ಟುವುದಿಲ್ಲ, ಅದನ್ನು ನಾವೇ ಕಿತ್ತು ಹಾಕಬೇಕು. ನಡುವಿನ ಖಾಲಿ ಜಾಗವನ್ನೂ ಅದರ ಜೊತೆಗೇ ತೆಗೆದೆ. ಕೃಷ್ಣರಾಜಸಾಗರ ಎಂದು ಕೂಡಿಸಿ ಬರೆಯುವವರೂ ಇದ್ದಾರೆ, ಬಿಡಿಸಿ ಬರೆಯುವವರೂ ಇದ್ದಾರೆ.

ಇನ್ನೂ ಬೆಚ್ಚಿಸಿದ ಸಂಗತಿ ಒಂದಿತ್ತು. ಇದೇ ರೋಗ ಪ್ರಾಪರ್ಟಿಯ ಹೆಸರಿಗೂ ತಗಲಬಹುದು. ಜಾವಾಸ್ಕ್ರಿಪ್ಟ್ ಪ್ರಾಪರ್ಟಿ ಹೆಸರುಗಳನ್ನು ನಾರ್ಮಲೈಸ್ ಮಾಡುವುದಿಲ್ಲ. ಶೀಟಿನ ತಲೆಬರಹದ ಕಾಲಂ ಹೆಸರು ಒಡೆದ ರೂಪದಲ್ಲಿದ್ದು, ಡ್ರಾಪ್‌ಡೌನಿನಲ್ಲಿ ಕೂಡಿದ ರೂಪವಿದ್ದರೆ, ಜ[ಕಾಲಂ] ಎಂಬುದು ಕಣ್ಣಿಗೆ ಸರಿಯಾಗಿದ್ದೂ ಅನ್‌ಡಿಫೈನ್ಡ್ ಕೊಡುತ್ತದೆ. ನನ್ನ ಕಾಲಂಗಳು ನದಿ, ಜಿಲ್ಲೆ, ಹೆಸರು. ‘ಜಿಲ್ಲೆ’ಯಲ್ಲಿ ದೀರ್ಘವಿಲ್ಲ, ಅದೃಷ್ಟ. ‘ನೀರಿನ ಮಟ್ಟ’ ಎಂದಿಟ್ಟಿದ್ದರೆ ಕೆಟ್ಟಿತ್ತು. ಅಂದ ಹಾಗೆ, ಆ ಹೆಸರಿನ ನಡುವೆ ಖಾಲಿ ಜಾಗವೂ ಇದೆ. ಅಂಥ ಹೆಸರನ್ನು ಚುಕ್ಕಿಯಿಂದ ಮುಟ್ಟಲು ಸಾಧ್ಯವೇ ಇಲ್ಲ, ಬ್ರಾಕೆಟೇ ಗತಿ. ಹಾಗಾಗಿ ಶೀಟು ಓದಿದ ಕೂಡಲೇ ತಲೆಬರಹಗಳನ್ನೂ ಒಳಗಿನ ಮಾತುಗಳನ್ನೂ ಒಂದೇ ಜರಡಿಯಲ್ಲಿ ಹಾಯಿಸುವಂತೆ ಮಾಡಿದೆ. ಹುಡುಕುವಾಗ ಪದವನ್ನೂ ಅದೇ ಜರಡಿಗೆ ಹಾಕುತ್ತೇನೆ.

ಸಂಖ್ಯೆಗಳದ್ದು ಬೇರೆ ತಕರಾರು, ಬೇಗ ಹೇಳಿ ಮುಗಿಸುತ್ತೇನೆ. ಪೆಟ್ಟಿಗೆಯಿಂದ ಬರುವುದೆಲ್ಲ ಸ್ಟ್ರಿಂಗು, '49.45' ಮತ್ತು 49.45 ಇವೆರಡನ್ನು === ಸಮ ಎನ್ನುವುದಿಲ್ಲ. ಪದವನ್ನು ನಂಬರ್ ಮಾಡಿದರೆ, ಖಾಲಿ ಸ್ಟ್ರಿಂಗು 0 ಆಗಿಬಿಡುತ್ತದೆ. ಒಳಹರಿವು ನಿಂತ ಜಲಾಶಯಗಳೆಲ್ಲ ಕೇಳದೇ ಎದ್ದು ಬರುತ್ತವೆ. ಕನ್ನಡ ಅಂಕಿಯಲ್ಲಿ ೪೯ ಎಂದು ಹೊಡೆದರೆ ನಂಬರ್ ಅದನ್ನು ಸಂಖ್ಯೆ ಎಂದೇ ಒಪ್ಪುವುದಿಲ್ಲ, ಮೊದಲು ಅಂಕಿ ಬದಲಿಸಬೇಕು.

ಕಟ್ಟೆ ಕೆಳಗೆ ಹೋದದ್ದು

ಹುಡುಕಾಟ ಸರಿಹೋದ ಖುಷಿಯಲ್ಲಿ ಅದೇ ಡ್ರಾಪ್‌ಡೌನಿಗೆ ವಿಂಗಡಣೆಯನ್ನೂ ಕಟ್ಟಿದೆ. ಒಂದು ಸಾಲಿನ ಕೆಲಸ:

ಜಲಾಶಯಗಳು.ಸಾರ್ಟ್((ಅ, ಆ) => ಆ[ಕಾಲಂ] - ಅ[ಕಾಲಂ])

ಸಂಖ್ಯೆಯಿರುವ ಯಾವ ಕಾಲಂ ಆರಿಸಿದರೂ ದೊಡ್ಡದರಿಂದ ಚಿಕ್ಕದಕ್ಕೆ. ಕಳೆಯುವ ಚಿಹ್ನೆ ಬಿಟ್ಟು ಬರೇ ಸಾರ್ಟ್ ಎಂದಿದ್ದರೆ ಅದು ಎಲ್ಲವನ್ನೂ ಸ್ಟ್ರಿಂಗ್ ಮಾಡಿ ಹೋಲಿಸುತ್ತಿತ್ತು, ಅದು ಗೊತ್ತಿತ್ತು. ಗೊತ್ತಿರದಿದ್ದದ್ದು ಬೇರೆ.

ಸಂಜೆ ಭಾವನ ಫೋನು. “ಲೋ, ಮಟ್ಟ ಅಂತ ಒತ್ತುದ್ರೆ ನಮ್ ಕಟ್ಟೆ ತಳುಕ್ ಹೋಗಿ ಕೂತದೆ. ಹಾರಂಗಿ ಮೇಲದೆ. ಹಾರಂಗಿ ಎಷ್ಟು, ನಮ್ ಕಟ್ಟೆ ಎಷ್ಟು! ಜನ ನಗ್ತಾವ್ರೆ ಕಣ್ಲಾ.”

ಕೋಡಿನಲ್ಲಿ ತಪ್ಪಿರಲಿಲ್ಲ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಕಬಿನಿಯದ್ದು 2284 ಅಡಿ, ಹಾರಂಗಿಯದ್ದು 2859, ಹೇಮಾವತಿಯದ್ದು 2922. ಪತ್ರಿಕೆಯಲ್ಲಿ ದಿನಾ ಓದುವ ಅಂಕಿಗಳೇ. ಆದರೆ ಕೆಆರ್‌ಎಸ್‌ನ ಅಡಿಯನ್ನು ಕಟ್ಟೆಯ ಬುಡದಿಂದ ಎಣಿಸುತ್ತಾರೆ, ಉಳಿದ ಮೂರನ್ನು ಸಮುದ್ರಮಟ್ಟದಿಂದ. ಭದ್ರೆಯ 186 ಅಡಿಯೂ ಬುಡದಿಂದಲೇ. ಆಲಮಟ್ಟಿಯದ್ದು 519.60, ಅದು ಅಡಿಯೇ ಅಲ್ಲ, ಮೀಟರ್. ದಿನಾ ಒಂದೊಂದನ್ನೇ ಅದರ ಗರಿಷ್ಠದ ಜೊತೆ ಹೋಲಿಸಿ ಓದುವವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಪಕ್ಕಪಕ್ಕ ನಿಲ್ಲಿಸಿ ಎತ್ತರ ಅಳೆದವನು ನಾನು. ಸಾಮರ್ಥ್ಯ ನೋಡಿದರೆ ಕೆಆರ್‌ಎಸ್ 49.45 ಟಿಎಂಸಿ, ಹಾರಂಗಿ 8.50. ಭಾವ ಹೇಳಿದ್ದು ಅದನ್ನೇ.

ಜ.ಮಟ್ಟ ಎಂದು ಕೈಯಾರೆ ಬರೆಯಬೇಕಾಗಿದ್ದರೆ, ‘ಮಟ್ಟದ ಮೇಲೆ ವಿಂಗಡಿಸು’ ಎಂಬ ಸಾಲು ಬರೆಯುವಾಗ ಒಂದು ಕ್ಷಣವಾದರೂ ಈ ಅಂಕಿಗಳನ್ನು ನೋಡುತ್ತಿದ್ದೆನೇನೋ. ಬ್ರಾಕೆಟಿನಲ್ಲಿ ಆ ಕ್ಷಣವೇ ಇಲ್ಲ. ಕಾಲಂ ಎಂದು ಒಮ್ಮೆ ಬರೆದೆ, ಆಮೇಲೆ ಶೀಟಿನಲ್ಲಿ ಏನೆಲ್ಲ ಇತ್ತೋ ಅದೆಲ್ಲ ಬಾಗಿಲು ತಟ್ಟದೇ ಒಳಗೆ ಬಂತು.

ಅದಕ್ಕೇ ಪ್ರತಿ ಕಾಲಂಗೂ ಒಂದು ವಿವರಪಟ್ಟಿ ಬರೆದೆ: ಒಳಗಿರುವುದು ಪದವೋ ಸಂಖ್ಯೆಯೋ, ಹುಡುಕಬಹುದೇ, ವಿಂಗಡಿಸಬಹುದೇ. ಮಟ್ಟಕ್ಕೆ ವಿಂಗಡಣೆ ಇಲ್ಲ. ಬದಲಿಗೆ ಸಾಮರ್ಥ್ಯ, ಒಳಹರಿವು, ಮತ್ತು ಇಂದಿನ ಸಂಗ್ರಹ ಸಾಮರ್ಥ್ಯದ ಶೇಕಡ ಎಷ್ಟು ಎಂಬ ಹೊಸ ಕಾಲಂ. ಡ್ರಾಪ್‌ಡೌನ್ ಏನೇ ಕಳಿಸಲಿ, ವಿವರಪಟ್ಟಿಯಲ್ಲಿ ಇಲ್ಲದ ಹೆಸರನ್ನು ಫಂಕ್ಷನ್ ಒಪ್ಪುವುದಿಲ್ಲ. ಸುಮ್ಮನಿರದೆ ಎರರ್ ಎಸೆಯುತ್ತದೆ.

ಈ ಕಾವಲು ಇನ್ನೊಂದು ಕಡೆಯೂ ಕೆಲಸಕ್ಕೆ ಬಂತು. ಹುಡುಕಿದ ಫಲಿತಾಂಶವನ್ನು ಗುಂಪಿಗೆ ಕಳಿಸಲು ಅನುಕೂಲವಾಗಲೆಂದು ಕಾಲಂ ಮತ್ತು ಪದವನ್ನು ಪುಟದ ವಿಳಾಸದಲ್ಲೇ ಇಟ್ಟಿದ್ದೆ. ಅಂದರೆ ಯಾರು ಬೇಕಾದರೂ ಕಾಲಂ ಜಾಗದಲ್ಲಿ ಏನು ಬೇಕಾದರೂ ಬರೆಯಬಹುದು. ‘ಕನ್‌ಸ್ಟ್ರಕ್ಟರ್’ ಎಂದು ನಾನೇ ಬರೆದು ನೋಡಿದೆ. ಶೀಟಿನಲ್ಲಿ ಅಂಥ ಕಾಲಂ ಇಲ್ಲ, ಆದರೂ ಜ[ಕಾಲಂ] ಖಾಲಿ ಬರಲಿಲ್ಲ, ಒಂದು ಫಂಕ್ಷನ್ ಬಂತು! ತನ್ನಲ್ಲಿ ಇಲ್ಲದ್ದನ್ನು ಆಬ್ಜೆಕ್ಟ್ ತನ್ನ ಪ್ರೋಟೋಟೈಪಿನಲ್ಲಿ ಹುಡುಕುತ್ತದೆ, ಮನೆಯಲ್ಲಿಲ್ಲದ್ದನ್ನು ಅಜ್ಜನ ಮನೆಯಿಂದ ತಂದ ಹಾಗೆ. ನನ್ನದು ಓದುವ ಕೆಲಸ ಮಾತ್ರ, ಹೆಚ್ಚೆಂದರೆ ಪುಟ ತೊದಲುತ್ತದೆ. ಹೊರಗಿನಿಂದ ಬಂದ ಹೆಸರಿಗೆ ಬ್ರಾಕೆಟ್ ಹಾಕಿ ಆಬ್ಜೆಕ್ಟಿನೊಳಗೆ ಏನನ್ನಾದರೂ ತುಂಬುವ ಕಡೆ ಇದು ದೊಡ್ಡ ಅಪಾಯ. 2019ರಲ್ಲಿ ಲೋಡ್ಯಾಶ್ ಮತ್ತು ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಗಳೆರಡೂ ಇದೇ ಬಗೆಯ ತೂತನ್ನು ಮುಚ್ಚಬೇಕಾಗಿ ಬಂತು. ಪ್ರಾಪರ್ಟಿ ಆಬ್ಜೆಕ್ಟಿನದ್ದೇ ಹೌದೇ ಎಂದು ಕೇಳಲು 2022ರ ಆವೃತ್ತಿಯಲ್ಲಿ ‘ಆಬ್ಜೆಕ್ಟ್.ಹ್ಯಾಸ್‌ಓನ್’ ಬಂದಿದೆ, ವಿವರಪಟ್ಟಿಯನ್ನು ನೋಡುವಾಗ ಅದನ್ನೇ ಬಳಸಿದ್ದೇನೆ.

ಇಷ್ಟಾದ ಮೇಲೆ ಉಳಿದದ್ದು ಕೋಡಿನದ್ದಲ್ಲ, ಊರಿನದ್ದು. ನಮ್ಮ ಕಡೆ ಯಾರೂ ಕೃಷ್ಣರಾಜ ಸಾಗರ ಎಂದು ಹುಡುಕುವುದಿಲ್ಲ, ಕನ್ನಂಬಾಡಿ ಎನ್ನುತ್ತಾರೆ. 1911ರಲ್ಲಿ ಕೆಲಸ ಶುರುವಾದ ಆ ಕಟ್ಟೆಗೆ ಊರಿನ ಹೆಸರೇ ಅಂಟಿಕೊಂಡಿದೆ. ತುಂಗಭದ್ರಾ ಜಲಾಶಯಕ್ಕೆ ಈಗ ವಿಜಯನಗರ ಜಿಲ್ಲೆ, 2021ರಲ್ಲಿ ಹೊಸದಾಗಿ ಆದದ್ದು. ಹುಡುಕುವವರು ಇನ್ನೂ ಬಳ್ಳಾರಿ ಎಂದೇ ಹೊಡೆಯುತ್ತಾರೆ. 2014ರ ರಾಜ್ಯೋತ್ಸವದಂದು ಬಿಜಾಪುರ ವಿಜಯಪುರವಾಯಿತು, ಬೆರಳಿಗೆ ಹಳೆಯದೇ ಬರುತ್ತದೆ. ಹಾಗಾಗಿ ಹೆಸರು ಮತ್ತು ಜಿಲ್ಲೆ ಕಾಲಂಗಳಲ್ಲಿ ಒಂದು ಸ್ಟ್ರಿಂಗಿನ ಬದಲು ಅರೇ ಇಟ್ಟೆ. ಮೊದಲನೆಯದು ತೋರಿಸಲು, ಉಳಿದವು ಹುಡುಕಲು. ಜ[ಕಾಲಂ] ಈಗ ಕೆಲವೊಮ್ಮೆ ಸ್ಟ್ರಿಂಗು, ಕೆಲವೊಮ್ಮೆ ಅರೇ. ಎರಡನ್ನೂ ಅರೇ ಮಾಡಿಕೊಂಡು ನೋಡುವ ‘ಹೊಂದುತ್ತಾ’ ಎಂಬ ಪುಟ್ಟ ಫಂಕ್ಷನ್ ಹುಟ್ಟಿತು. ಕಾವೇರಿ ಎಂದರೆ ಹೇಮಾವತಿ, ಕಬಿನಿ, ಹಾರಂಗಿಗಳೂ ಬರಲಿ ಎಂದು ‘ಕೊಳ್ಳ’ ಎಂಬ ಕಾಲಂ ಸೇರಿತು.

ಇಂದಿನ ಅಂಕಿಗಳನ್ನು ಒಳಗಿನ ಇನ್ನೊಂದು ಆಬ್ಜೆಕ್ಟಿಗೆ ಸರಿಸಿ, ಕಾಲಂ ಹೆಸರನ್ನು 'ಇಂದು.ಒಳಹರಿವು' ಎಂದು ಕೊಟ್ಟು ಒಂದು ಮಧ್ಯಾಹ್ನ ಹಾಳುಮಾಡಿಕೊಂಡದ್ದೂ ಉಂಟು. ಬ್ರಾಕೆಟಿಗೆ ಅದು ದಾರಿಯಲ್ಲ, ಚುಕ್ಕಿಯೂ ಸೇರಿ ಒಂದೇ ಹೆಸರು. ಚುಕ್ಕಿಯಲ್ಲಿ ಸೀಳಿ ಒಂದೊಂದೇ ಮೆಟ್ಟಿಲು ಇಳಿಯಬೇಕು. ಕೊನೆಗೆ ಆಬ್ಜೆಕ್ಟನ್ನೇ ಮತ್ತೆ ಚಪ್ಪಟೆ ಮಾಡಿದೆ, ಅದೇ ಸುಲಭ.

ಎಲ್ಲ ಕಾಲಂಗಳಿಗೂ ಕಾವಲು, ಜರಡಿ, ಅಡ್ಡಹೆಸರು ಕೂತ ಮೇಲೆ, ಆಗಸ್ಟಿನಲ್ಲಿ ಊರಿಗೆ ಹೋದಾಗ ಭಾವನಿಗೆ ತೋರಿಸಿದೆ. ಅವರು ಡ್ರಾಪ್‌ಡೌನ್ ಮೇಲೆ ಹೆಬ್ಬೆರಳು ಇಟ್ಟು ನನ್ನ ಮುಖ ನೋಡಿದರು.

“ಗದ್ದೆ ಬದೀಲ್ ನಿಂತ್ಕಂಡು ನದಿನೋ ಜಿಲ್ಲೆನೋ ಅಂತ ಆರುಸ್ಕಂಡ್ ಕೂರಕ್ಕಾಯ್ತದಾ? ಹೊಡ್ದಿದ್ದು ಎಲ್ಲಿದ್ರೂ ಬರ್‌ಬೇಕು.”

ಆ ರಾತ್ರಿ ಅವರ ಜಗಲಿಯಲ್ಲೇ ಕೂತು ಹುಡುಕಾಟದಿಂದ ಡ್ರಾಪ್‌ಡೌನ್ ತೆಗೆದೆ. ಅದೀಗ ವಿಂಗಡಣೆಗೆ ಮಾತ್ರ, ಮೂರೇ ಆಯ್ಕೆ. ಹುಡುಕುವ ಸಾಲು ಹೀಗಾಯಿತು:

ಜಲಾಶಯಗಳು.ಫಿಲ್ಟರ್(ಜ => ಹುಡುಕುವ_ಕಾಲಂಗಳು.ಸಮ್(ಕ => ಹೊಂದುತ್ತಾ(ಜ[ಕ], ಪದ)))

ಭಾವ ‘ಕನ್ನಂಬಾಡಿ’ ಎಂದು ಹೊಡೆದರು. ಬಂತು. ಅಳಿಸಿ ‘ಮಂಡ್ಯ’ ಎಂದು ಹೊಡೆದರು. ಅದೇ ಬಂತು. ಫೋನು ಕಿಸೆಗೆ ಹಾಕಿಕೊಂಡು, “ಒಳಹರಿವಿನ್ ಅಂಕಿ ಸ್ವಲ್ಪ ದಪ್ಪುಕ್ ಮಾಡು, ಬಿಸ್ಲಲ್ಲಿ ಕಾಣಾಕಿಲ್ಲ” ಅಂದರು.